ಕೈಗಳ ಮೇಲೆ ಕೂತವಳು

ನಮ್ಮ ಕಚೇರಿಯ ಮೂರನೇ ಕಿಟಕಿಯಲ್ಲಿ ಜನನ, ಮರಣದ ಪ್ರಮಾಣಪತ್ರ ಕೊಡುತ್ತಿದ್ದವಳನ್ನು ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದೆವು. ಕಂಪ್ಯೂಟರಿನ ಗುಂಡಿ ಒತ್ತಿದ ಮೇಲೆ ಪ್ರತಿ ಸಲವೂ ಅವಳು ಎರಡೂ ಅಂಗೈಗಳನ್ನು ತೊಡೆಯಡಿಗೆ ಸೇರಿಸಿ ಕೂರುತ್ತಿದ್ದಳು. ಅದು ಹದಿನಾಲ್ಕು ವರ್ಷದ ಮುದಿ ಯಂತ್ರ. ಒಂದು ಗುಂಡಿಗೆ ಓಗೊಡಲು ಅದಕ್ಕೆ ನಾಲ್ಕು ನಿಮಿಷ ಬೇಕು; ಒಂದು ಪತ್ರಕ್ಕೆ ಹಾಗೆ ನಾಲ್ಕು ಸಲ ಒತ್ತಬೇಕು. ತಾಳ್ಮೆಗೆಟ್ಟು ಎರಡನೇ ಸಲ ಒತ್ತಿದಿರೋ, ಪರದೆ ಕಲ್ಲಾಗುತ್ತಿತ್ತು. ಆರಿಸಿ ಮತ್ತೆ ಶುರುಮಾಡುವಷ್ಟರಲ್ಲಿ ಇಪ್ಪತ್ತು ನಿಮಿಷ ನೀರುಪಾಲು.

"ಕೈ ಸುಮ್ನಿರಲ್ಲ ಕಣೇ, ಅದಕ್ಕೇ ಅದರ ಮೇಲೆ ಕೂತ್ಬಿಡ್ತೀನಿ," ಎಂದು ನಗುತ್ತಿದ್ದಳು.

ಆ ಅಭ್ಯಾಸವೇ ಅವಳಿಗೆ ಮುಳುವಾಯಿತು. ಹೊಸ ಸಾಹೇಬರು ದಿನಕ್ಕೆರಡು ಸಲ ನಮ್ಮ ಬೆನ್ನ ಹಿಂದೆ ಹಾದುಹೋಗುತ್ತಿದ್ದರು. ಅವರಿಗೆ ಕಾಣುತ್ತಿದ್ದದ್ದು ಇಷ್ಟೇ: ಕಿಟಕಿಯಾಚೆ ಉದ್ದನೆಯ ಸಾಲು, ಈಚೆ ಸುಮ್ಮನೆ ಕೂತ ಹೆಂಗಸು. ಯಾರ ಕೆಲಸ ಎಲ್ಲರಿಗಿಂತ ಕಡಿಮೆಯೋ ಅವರು ಬೇರೆ ಶಾಖೆಗೆ ಎಂದು ಸಾರಿದರು. ತಿಂಗಳ ಕೊನೆಗೆ ಪಟ್ಟಿ ಬಂತು. ಎರಡನೇ ಕಿಟಕಿಯ ನಾನು ದಿನಕ್ಕೆ ಎಂಬತ್ತು ಪತ್ರ, ಅಕ್ಕ ಇಪ್ಪತ್ತೆರಡು.

"ಸಾರ್, ಮಿಷನ್ನೇ ಓಡಲ್ಲ," ಅಂದಳು ಅಕ್ಕ.

"ಕುಣೀಲಾರದವಳು ನೆಲ ಡೊಂಕು ಅಂದಳಂತೆ," ಅಂದರು ಸಾಹೇಬರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ನೆಲ ನಿಜಕ್ಕೂ ಡೊಂಕಾಗಿತ್ತು, ಅದು ನನ್ನಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ.

ಹಿಂದಿನ ವರ್ಷ ಕಚೇರಿಗೆ ಬಂದದ್ದು ಒಂದೇ ಒಂದು ಹೊಸ ಕಂಪ್ಯೂಟರ್. ಹಿರಿತನ ನೋಡಿದರೆ ಅದು ಅಕ್ಕನಿಗೆ ಸೇರಬೇಕಿತ್ತು. ಅವಳು ಮಧ್ಯಾಹ್ನ ಮನೆಗೆ ಹೋಗಿದ್ದ ಹೊತ್ತು ನೋಡಿ, ಆಗಿನ ಸಾಹೇಬರ ಮುಂದೆ ನಿಂತು, "ಅಕ್ಕಂಗೆ ಹಳೇದೇ ರೂಢಿ ಸಾರ್, ಹೊಸದು ಕೊಟ್ರೆ ಒದ್ದಾಡ್ತಾಳೆ," ಅಂದಿದ್ದೆ. ಎಷ್ಟು ಸಲೀಸಾಗಿ ಬಂದಿತ್ತು ಆ ಮಾತು!

ಅವಳು ಮಧ್ಯಾಹ್ನ ಹೋಗುತ್ತಿದ್ದದ್ದು ಹಾಸಿಗೆ ಹಿಡಿದ ಗಂಡನಿಗಾಗಿ. ಮನೆ ಎರಡು ಬೀದಿ ಆಚೆ. ಒಂದು ಗಂಟೆಗೆ ಓಡಿ, ಅವನ ಮಗ್ಗುಲು ಬದಲಿಸಿ, ಉಣಿಸಿ, ಬಾಯಿ ಒರೆಸಿ, ಒಂದೂವರೆಗೆ ವಾಪಸು. ಹೊಸ ಶಾಖೆಗೆ ಎರಡು ಬಸ್ಸು ಬದಲಿಸಬೇಕು. ಇನ್ನು ಮುಂದೆ ಬೆಳಗಿನಿಂದ ಸಂಜೆಯವರೆಗೆ ಅವನು ಒಂದೇ ಮಗ್ಗುಲಲ್ಲಿ ಬಿದ್ದಿರಬೇಕು. ಬೇರೆ ಯಾರೂ ಇಲ್ಲ.

ಅವಳನ್ನು ಬಿಡುಗಡೆ ಮಾಡುವ ದಿನ, ಬಾಕಿ ಉಳಿದಿದ್ದ ಅವಳ ಕೊನೆಯ ಅರ್ಜಿಯನ್ನು ಅವಳದೇ ಯಂತ್ರದಲ್ಲಿ ಸಾಹೇಬರೇ ಮುಗಿಸಬೇಕಿತ್ತು; ನಿಯಮ ಹಾಗಿತ್ತು. ಅವರು ಅಕ್ಕನ ಕುರ್ಚಿಯಲ್ಲಿ ಕೂತು ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಮೂರನೇ ಸಲ ಕುಟ್ಟಿದರು. ಪರದೆ ಕಲ್ಲಾಯಿತು. ಇಪ್ಪತ್ತು ನಿಮಿಷ ಕಾದು ಮೊದಲಿನಿಂದ ಶುರುಮಾಡಿದರು. ಒಮ್ಮೆ ಒತ್ತಿದ ಬೆರಳು ಮತ್ತೆ ಗುಂಡಿಯತ್ತ ಹೋಯಿತು.

"ಬೇಡಿ ಸಾರ್," ಅಂದಳು ಅಕ್ಕ, ಮಕ್ಕಳಿಗೆ ಹೇಳುವ ಹಾಗೆ. "ಕೈ ತೊಡೆ ಕೆಳಗಿಟ್ಕೊಳಿ. ಬರತ್ತೆ."

ಸಾಹೇಬರು ಹಾಗೇ ಮಾಡಿದರು. ತಮ್ಮ ಕೈಗಳ ಮೇಲೆ ತಾವೇ ಕೂತು ಪ್ರತಿ ಸಲವೂ ನಾಲ್ಕು ನಿಮಿಷ ಪರದೆ ನೋಡಿದರು. ಯಾರೂ ನಗಲಿಲ್ಲ. ಈಗಲಾದರೂ ಈ ಮನುಷ್ಯ ಆದೇಶ ಹರಿದುಹಾಕಲಿ, ನಾನು ಬಾಯಿ ಬಿಡುವುದು ತಪ್ಪಲಿ ಎಂದು ಆಸೆಪಟ್ಟೆ. ನನ್ನ ಯೋಗ್ಯತೆ ಅಷ್ಟೇ.

"ಇದ್ರಲ್ಲಿ ದಿನಕ್ಕೆ ಇಪ್ಪತ್ತೆರಡು ಹೇಗ್ ಮಾಡ್ತಿದ್ರಮ್ಮ?" ಎಂದು ಅವರು ಮೆಲ್ಲಗೆ ಕೇಳಿದರು. ಅಕ್ಕ ಮೇಜಿನ ಖಾನೆಯಿಂದ ತನ್ನ ಸಾಮಾನು ತೆಗೆದು ಚೀಲಕ್ಕೆ ಹಾಕತೊಡಗಿದಳು. "ಪಟ್ಟಿ ಮೇಲಕ್ಕೆ ಹೋಗ್ಬಿಟ್ಟಿದೆ. ಇನ್ನು ನಾನೇನೂ ಮಾಡೋಕಾಗಲ್ಲ," ಎಂದು ಸಹಿ ಹಾಕಿ ಎದ್ದರು.

ಅಕ್ಕ ಚೀಲ ಹೆಗಲಿಗೇರಿಸಿ ನನ್ನ ಮೇಜಿನ ಬಳಿ ನಿಂತಳು. ನನ್ನ ಕಂಪ್ಯೂಟರನ್ನು ಒಂದು ಸಲ ನೋಡಿದಳು.

"ಒದ್ದಾಡ್ತಿರ್ಲಿಲ್ಲ ಕಣೇ," ಅಂದಳು. "ಕಲೀತಿದ್ದೆ."

ಗಂಟೆ ಒಂದಾಯಿತು. ಆ ಹೊತ್ತಿಗೆ ಮನೆಗೆ ಓಡುವುದು ಅವಳಿಗೆ ಅದೇ ಕೊನೆಯ ಸಲ.