ಒಂದೂವರಿ ತಾಸು ನಿಂತ ಗಾಡಿ

ನನ್ನ ಬಾಯಿಗೆ ಬೆಂಕಿ ಹಾಕ. ನಾ ಆಡಿದ ಒಂದು ಮಾತಿಗೆ ಇನ್ನೂರು ಮಂದಿ ಕುಂತ ಗಾಡಿ ಸುಡುಸುಡು ಬಿಸಲಾಗ ಒಂದೂವರಿ ತಾಸು ನಿಂತಿತ್ತು. ನಮ್ಮ ಹುಬ್ಬಳ್ಳ್ಯಾಗ ನಿಂತಿದ್ರ ಯಾರೂ ಏನೂ ಅಂತಿರಲಿಲ್ಲ, ಅಲ್ಲಿ ಗಾಡಿ ನಿಲ್ಲೂದು ಹೊಸಾದಲ್ಲ. ಇದು ಮೆಲ್ಬರ್ನ್. ಇಲ್ಲಿ ಎರಡು ಮಿನಿಟ್ ತಡಾ ಆದ್ರ ಮೈಕಿನಾಗ ಸಾರಿ ಕೇಳ್ತಾರ.

ನಾ ಬಸಕ್ಕ. ನಮ್ಮನಿಯವರು ಹುಬ್ಬಳ್ಳಿ ರೈಲ್ವೇದಾಗ ಗ್ಯಾಂಗ್‌ಮನ್ ಅಂತ ಸೇರಿ ಮೇಸ್ತ್ರಿ ಆಗಿ ರಿಟೈರ್ ಆದವರು. ಅವರ ಹೆಸರು ನಾ ಹೇಳ್ತಿದ್ದಿಲ್ಲ. ಲಗ್ನ ಆಗಿ ಮೂವತ್ತೊಂಬತ್ತು ವರ್ಷ, ಒಮ್ಮೆನೂ ಹೇಳಿದ್ದಿಲ್ಲ. ರೇಶನ್ ಕಾರ್ಡಿನಾಂವ ಕೇಳಿದಾಗೂ ಮಗನ ಕಡೆ ಬೊಟ್ಟು ಮಾಡಿ "ಇವನ್ನ ಕೇಳ್ರಿ" ಅಂದಾಕಿ ನಾನು. ಆ ಮಗ ವಿರುಪಾಕ್ಷ ಇಲ್ಲಿ ಟ್ರುಗನಿನಾದಾಗ ಮನಿ ಕಟ್ಟಿಸಿ, ಎರಡು ಸಾವಿರದ ಆರರಾಗ ನಮ್ಮಿಬ್ಬರನ್ನೂ ಕರಸ್ಕೊಂಡ. ಮನಿ ಏನೋ ಛಲೋ ಐತ್ರಿ. ಆದ್ರ ಎಡಕ್ಕ ನೋಡಿದ್ರ ಗೋಡೌನ್, ಬಲಕ್ಕ ನೋಡಿದ್ರ ಅರ್ಧ ಕಟ್ಟಿ ಬಿಟ್ಟ ಮನಿ. ಮಾತಾಡಸ್ಬೇಕಂದ್ರ ಒಂದು ನರಪಿಳ್ಳೆ ಇಲ್ಲ. ಎರಡು ತಿಂಗಳಾಗೂದ್ರಾಗ ನಮ್ಮವರಿಗೆ ಹುಚ್ಚು ಹಿಡಿಯೂದಷ್ಟ ಬಾಕಿ ಇತ್ತು. ದಿನಾ ಮುಂಜಾನೆ ಎದ್ದು ಗೂಡ್ಸ್ ಗಾಡಿ ಹಳಿ ನೋಡಿ ಬರ್ತಿದ್ರು. "ಮಂದಿ ಗುಡಿಗೆ ಹೋಗ್ತಾರ, ನೀವು ಹಳಿಗೆ ಹೋಗ್ರಿ" ಅಂತ ನಾ ಬೈತಿದ್ದೆ.

ಒಂದು ಐತವಾರ ವಿರುಪಾಕ್ಷ ನಮ್ಮನ್ನ ಇದ್ದಲಿ ಎಂಜಿನ್ನಿನ ಗಾಡಿ ತೋರಸಾಕ ಕರಕೊಂಡು ಹೋದ. ಕಾರಿನ್ಯಾಗ ಒಂದೂಕಾಲು ತಾಸಿನ ಹಾದಿ. ಹಳೇ ಗಾಡಿ ಮ್ಯಾಲ ಪ್ರೀತಿ ಇದ್ದ ಮುದುಕರು ಒಂದಿಷ್ಟು ಮಂದಿ ಸೇರಿ ತಾವ ಅದನ್ನ ಓಡಸ್ತಾರ, ಪಗಾರ ಇಲ್ಲ ಏನಿಲ್ಲ. ಎಲ್ಲಾರೂ ಎಂಜಿನ್ ಮುಂದ ನಿಂತು ಫೋಟೋ ತಗೋಳಾಕತ್ತಿದ್ರ ನಮ್ಮವರು ಪ್ಲಾಟ್‌ಫಾರ್ಮ್ ಇಳಿದು ಹಳಿ ಬಾಜೂ ಕುಕ್ಕರಗಾಲಲೆ ಕುಂತು, "ಏ ವಿರುಪಾಕ್ಷ, ಈ ಜಾಯಿಂಟ್ ಕುಸದೈತಿ, ಕೆಳಗ ಖಡಿ ಪ್ಯಾಕಿಂಗ್ ಇಲ್ಲ ನೋಡು" ಅಂದ್ರು. ಒಬ್ಬ ಬಿಳೀ ಮೀಸಿ ಮುದುಕ ಬೈಯಾಕಂತ ಓಡಿ ಬಂದ. ಬಂದಾಂವ "ಪ್ಯಾಕಿಂಗ್" ಅನ್ನೂ ಮಾತು ಕೇಳಿ ತಾನೂ ಬಗ್ಗಿ ನೋಡಿದ. ಮುಗೀತು. ಅರ್ಧಾ ತಾಸು ಇಬ್ಬರೂ ಅಲ್ಲೇ ಕುಂತ್ರು. ಫಿಶ್‌ಪ್ಲೇಟ್, ಸ್ಲೀಪರ್, ಗೇಜ್, ಬೋಲ್ಟ್, ಸ್ಪ್ಯಾನರ್. ನಮ್ಮವರು ಜೀವಮಾನ ಎಲ್ಲಾ ಹಳಿ ಮ್ಯಾಲ ಇಂಗ್ಲೀಷ ಮಾತಾಡ್ಯಾರ, ಅದು ಇಂಗ್ಲೀಷಂತ ಅವರಿಗೂ ಗೊತ್ತಿದ್ದಿಲ್ಲ, ನನಗೂ ಗೊತ್ತಿದ್ದಿಲ್ಲ.

ಆ ಮುದುಕನ ಹೆಸರು ಕೀತ್. ನನ್ನ ಬಾಯಾಗ ಅದು ಕಿತ್ತಪ್ಪ ಆತು. "ಹಳಿ ಹಾಕಾವಗ ಕಿತ್ತಪ್ಪ ಅಂತೀಯಲ್ಲ" ಅಂತ ನಮ್ಮವರು ನಗ್ತಿದ್ರು. ಆಂವ ಅವರಿಗೆ "ಚನ್ನಾ" ಅಂತಿದ್ದ. ಅಷ್ಟುದ್ದ ಹೆಸರು ಆ ಬಾಯಾಗ ಹಿಡಿಬೇಕಲ್ಲ.

ಆ ಮುದುಕರು ಆಗ ಒಂದು ಕೆಲಸ ಶುರು ಮಾಡಿದ್ರು. ಅವರ ದೊಡ್ಡ ಲೈನಿನಿಂದ ಒಂದು ಸಣ್ಣ ಲೈನ್ ಒಡದು ವಾಟಲ್ ಬೆಂಡ್ ಅನ್ನೂ ಊರಿಗೆ ಹೋಗ್ತಿತ್ತಂತ. ಆರು ಮೈಲು. ಬಂದಾಗಿ ಐವತ್ತು ವರ್ಷ. ಹಳಿ ನಡುವ ತೆಕ್ಕಿಗೆ ಸಿಗಲಾರದಂಥ ಗಿಡ ಬೆಳದಿದ್ವು, ಹಳಿ ಕೆಳಗಿನ ಕಟಗಿ ಸ್ಲೀಪರ್ ಎಲ್ಲಾ ಒರಲಿ ತಿಂದು ಹಿಟ್ಟಾಗಿದ್ವು. ಕಿತ್ತಪ್ಪನ ಅಪ್ಪ ಆ ಊರಿನ ಕಡೀ ಸ್ಟೇಶನ್ ಮಾಸ್ತರ. ಕಡೀ ಗಾಡಿ ಹೋದ ದಿನಾ ಅಪ್ಪ ಹಸರು ಬಾವುಟ ಸುತ್ತಿ ಒಳಗಿಟ್ಟು ಅತ್ತದ್ದನ್ನ ಕಿತ್ತಪ್ಪ ಕಂಡಿದ್ದ. ಆ ಲೈನ್ ಮತ್ತ ಚಾಲೂ ಆಗೂದು ನೋಡೇ ಸಾಯಬೇಕಂತ ಆ ಎಪ್ಪತ್ನಾಲ್ಕರ ಮುದುಕನ ಹಟ.

ನಮ್ಮವರದೂ ಒಂದು ಹಟ ಇತ್ತು. ಹುಬ್ಬಳ್ಳಿ ಕಡೆ ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದ್ರಲ್ಲ, ಆಗ ಇವರ ಗ್ಯಾಂಗು ವರ್ಷಗಟ್ಟಲೆ ದುಡೀತು. ಮೊದಲ ಗಾಡಿ ಬಿಡೂ ದಿನಾ ಬ್ಯಾಂಡೇನು, ಹಾರೇನು! ಸಾಹೇಬರು, ಅವರ ಹೆಂಡ್ರು, ಹೆಂಡ್ರ ತಂಗ್ಯಾರು, ಎಲ್ಲಾರೂ ಗಾಡ್ಯಾಗ ಕುಂತ್ರು. ಗ್ಯಾಂಗಿನವರು ಸಲಿಕಿ ಹಿಡಕೊಂಡು ಬದೀಗೆ ನಿಂತು ಚಪ್ಪಾಳೆ ಹೊಡೀಬೇಕು. "ನಾ ಹಾಕಿದ ಹಳಿ ಮ್ಯಾಲ ಮೊದಲ ಗಾಡ್ಯಾಗ ಒಮ್ಮೆ ಕುಂತು ಹೋಗಬೇಕಿತ್ತು ನೋಡ" ಅಂತ ಅವತ್ತು ಅಂದ ಮಾತು ಸಾಯೂತನಕಾ ಅಂದ್ರು. ಕಿತ್ತಪ್ಪನ ಮುಂದೂ ಮಗನ ಬಾಯಿಲೆ ಹೇಳಿಸಿದ್ರು. ಆಂವ ಕೈ ಮ್ಯಾಲ ಕೈ ಹಾಕಿ ಮಾತು ಕೊಟ್ಟ: ಮೊದಲ ಗಾಡಿ, ಮೊದಲ ಡಬ್ಬಿ, ಕಿಡಕಿ ಬಾಜೂ ಎದುರಾಬದರಾ ಎರಡು ಸೀಟು, ಒಂದು ಚನ್ನಾಗ, ಒಂದು ತನಗ.

ಎರಡು ವರ್ಷ ದುಡದ್ರು ನೋಡ್ರಿ. ಶನಿವಾರ ಬಂತಂದ್ರ ಆರು ಗಂಟೆಕ್ಕ ಬಾಗಲದಾಗ ಕಿತ್ತಪ್ಪನ ಕಾರು. ನಾನು ನಾಲ್ಕು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಡ್ತಿದ್ದೆ. ಆಮ್ಯಾಲ ಆರು ಕಟ್ಟೂ ಹಂಗಾತು, ಯಾಕಂದ್ರ ಎರಡು ಕಿತ್ತಪ್ಪ ತಿಂತಿದ್ದ. ಹಳಿ ಎತ್ತುವಾಗ ನಮ್ಮವರು "ಹೈಸಾ" ಅಂದ್ರ ಬಿಳೀ ಮುದುಕರೆಲ್ಲಾ "ಐಸಾ" ಅಂತ ಒದರ್ತಿದ್ರಂತ. ಮನಿಗೆ ಬಂದು ಅದನ್ನ ಹೇಳಿ ಹೇಳಿ ನಗ್ತಿದ್ರು. "ಪಗಾರ ಇಲ್ಲದ ಚಾಕರಿಗೆ ಎಷ್ಟು ಖುಷಿ ನೋಡು" ಅಂತ ನಾ ಅಂದ್ರೂ, ಖರೇ ಹೇಳ್ತೇನಿ, ಹುಬ್ಬಳ್ಳ್ಯಾಗೂ ಅವರು ಅಷ್ಟು ಸುಖದಾಗ ಇದ್ದಿದ್ದು ನಾ ಕಂಡಿದ್ದಿಲ್ಲ.

ಎರಡು ಸಾವಿರದ ಎಂಟು, ನವೆಂಬರ್ ತಿಂಗಳು, ಇಲ್ಲಿ ಆಗ ಬ್ಯಾಸಗಿ ಶುರು. ಐತವಾರ ಹನ್ನೊಂದಕ್ಕ ಮೊದಲ ಗಾಡಿ ಅಂತ ಠರಾವು ಆತು. ಕಿತ್ತಪ್ಪ ಆ ವಾರ ಅಲ್ಲೇ ವಸ್ತಿ ಬಿದ್ದಿದ್ದ, ನಮ್ಮವರನ್ನ ವಿರುಪಾಕ್ಷ ಕರಕೊಂಡು ಬರಬೇಕಂತ ಮಾತಾಗಿತ್ತು. ಹೊಸಾ ಧೋತರ ಇಸ್ತ್ರಿ ಮಾಡಿಸಿ ಇಟ್ಟಿದ್ರು. ಶುಕ್ರವಾರ ಮಧ್ಯಾಹ್ನ ಊಟಾ ಮಾಡಿ ಎದ್ದವರು "ಎದಿ ಹಿಡದಂಗಾಗೇತಿ" ಅಂದ್ರು. ಅಂಬುಲೆನ್ಸ್ ಬಂತು. ದವಾಖಾನಿಗೆ ಹೋದ ಮ್ಯಾಲ ಒಂದು ತಾಸೂ ಇರಲಿಲ್ಲ.

ನಮ್ಮಲ್ಲಿ ಹೋದವರನ್ನ ಕೂಡಿಸಿ ಮಣ್ಣು ಮಾಡ್ತಾರ. ಸ್ವಾಮಿಗೋಳ ಮನಿತನ ನಮ್ಮದು, ಮಲಗಿಸಿ ಮಾಡೂದು ಅಂದ್ರ ನನ್ನ ಜೀವಾ ಒಪ್ಪಲಿಲ್ಲ. ಹಟಾ ಹಿಡದೆ. ವಿರುಪಾಕ್ಷ ಶನಿವಾರ ಇಡೀ ದಿನಾ ಅವರಿವರ ಕೈಕಾಲು ಹಿಡದ, ನಾಕ್ಕಡೆ ಓಡ್ಯಾಡಿದ. ಇಲ್ಲಿನ ಸ್ಮಶಾನದವರು ಆಗೂದಿಲ್ಲ ಅಂದ್ರಂತ, ಪೆಟ್ಟಿಗ್ಯಾಗ ಮಲಗಿಸೇ ಇಡಬೇಕಂತ. ಸಂಜಿಕೆ ಬಂದು ನನ್ನ ಮುಂದ ಕುಂತು ಸಣ್ಣ ಹುಡುಗರಂಗ ಅತ್ತ. ಆ ಗದ್ದಲದಾಗ ಕಿತ್ತಪ್ಪಗ ಸುದ್ದಿ ಮುಟ್ಟಸೂದು ಮರತ. ನನಗೂ ನೆನಪಾಗಲಿಲ್ಲ.

ಐತವಾರ ಮುಂಜಾನೆ ವಿರುಪಾಕ್ಷ, ನನ್ನ ಸೊಸಿ ಇಬ್ಬರೂ ಏರ್‌ಪೋರ್ಟಿಗೆ ಹೋದ್ರು, ಸಿಡ್ನಿಯಿಂದ ನನ್ನ ಮಗಳು ಮಹಾಶ್ವೇತಾ ಬರಾಕಿ ಇದ್ಲು. ನನ್ನ ಜೋಡಿ ಕುಸುಮಾವತಿ ಇದ್ರು, ಉಡುಪಿ ಕಡೆಯವರು, ಬಾಜೂ ಅರ್ಧ ಕಟ್ಟಿದ್ದ ಮನಿ ಪೂರಾ ಆದ ಮ್ಯಾಲ ಅಲ್ಲಿ ಬಂದವರು. ಅವರು ಅಡಿಗಿಮನ್ಯಾಗ ಚಾ ಮಾಡಾಕತ್ತಿದ್ರು. ಒಂಬತ್ತೂವರಿಗೆ ಫೋನ್ ಬಡಕೊಂತು. ಹುಬ್ಬಳ್ಳಿಯಿಂದ ಯಾರರೆ ಇರಬೇಕಂತ ನಾನ ಎತ್ತಿದೆ.

"ಹಲೋ! ಚನ್ನಾ?" ಅಂತು. ಕಿತ್ತಪ್ಪನ ದನಿ.

ಏನಂತ ಹೇಳಲಿ? 'ಡೆಡ್' ಅನ್ನೂ ಮಾತು ನನಗ ಗೊತ್ತಿಲ್ಲಂತಲ್ಲ. ಉಗಿ ಇಲ್ಲದ ಎಂಜಿನ್ನನ್ನ ಇನ್ನೊಂದು ಎಂಜಿನ್ ಎಳಕೊಂಡು ಹೋದ್ರ ಅದಕ್ಕ ಡೆಡ್ ಎಂಜಿನ್ ಅಂತಾರಂತ ರೈಲ್ವೇ ಮನಿ ಹೆಂಗಸಿಗೆ ಗೊತ್ತಿರೂದಿಲ್ಲೇನು? ಆದ್ರ ಕಬ್ಬಣಕ್ಕ ಅನ್ನೂ ಮಾತನ್ನ ಗಂಡಗ ಹೆಂಗ ಅನ್ನಲಿ? ನಮ್ಮಲ್ಲಿ ಸತ್ತರು ಅನ್ನೂದಿಲ್ಲ, ಹೋದ್ರು ಅಂತೇವಿ. ಅದಕ್ಕ ಬದುಕಿದ್ದವರು ಹೊರಗ ಹೊಂಟಾಗ "ಹೋಗ್ತೇನಿ" ಅನ್ನೂದಿಲ್ಲ, "ಬರ್ತೇನಿ" ಅಂತಾರ. ಹೋಗೂದು ಒಮ್ಮೆನ. ಆ ಮಾತನ್ನ ಇಂಗ್ಲೀಷಿನ್ಯಾಗ ಜೋಡಿಸಿದೆ.

"ಹಿ ಗೋ" ಅಂದೆ. "ಗೋ. ಗೋ."

"ಗೋ? ಓ, ಗುಡ್, ಗುಡ್!" ಅಂದ. ಮತ್ತೇನೇನೋ ಅಂದ. ನಡುವ "ವೇಟ್, ವೇಟ್" ಅಂದದ್ದು ತಿಳೀತು. ನಕ್ಕೋತ ಫೋನ್ ಇಟ್ಟ.

ನಾ ಹೌಹಾರಿ ಹೋದೆ. ಎರಡು ವರ್ಷ ನನ್ನ ಕೈಯಾನ ರೊಟ್ಟಿ ತಿಂದಾಂವ, ಹೋದ್ರು ಅಂದ್ರ ಗುಡ್ ಅಂತಾನಲ್ಲ! ಕುಸುಮಾವತಿಯವರಿಗೆ ಹೇಳಿದೆ. "ಅವರ ಮಾತು ಹಾಗೆಯೇ ಬಸಕ್ಕ, ಬೇಜಾರು ಮಾಡ್ಬೇಡಿ. ವೇಟ್ ಅಂದರೆ ನಿಲ್ಲಿ, ಬರ್ತೇನೆ ಅಂತ ಇರಬೇಕು" ಅಂದ್ರು. ಅವರರೆ ಏನು ಮಾಡ್ಯಾರು, ನಾ ಏನಂದೆ ಅಂತ ಅವರಿಗೆ ಪೂರಾ ಹೇಳಿದ್ದಿಲ್ಲ. ಬರ್ತಾನಂತ ಹಾದಿ ಕಾಯ್ಕೋತ ಕುಂತೆ. ಹನ್ನೊಂದಕ್ಕ ಮತ್ತ ಫೋನ್ ಬಂತು. ಹನ್ನೊಂದೂವರಿಗೆ ಇನ್ನೊಮ್ಮೆ.

"ಅದೇ ನಂಬರ್ ಉಂಟು. ತೆಗೀಲಾ?" ಅಂದ್ರು ಕುಸುಮಾವತಿ.

"ಮುಟ್ಟಬ್ಯಾಡ್ರಿ. ಬರಾಂವ ಇದ್ರ ಬರಲಿ. ಫೋನಿನ್ಯಾಗ ಕೇಳೂ ಸುದ್ದಿ ಅಲ್ಲ ಇದು" ಅಂದೆ. ನನ್ನ ಸಿಟ್ಟು ನಿಮಗ ಗೊತ್ತಿಲ್ಲ. ನಮ್ಮವರಿಗೆ ಗೊತ್ತಿತ್ತು.

ವಿರುಪಾಕ್ಷ, ಸೊಸಿ, ಮಹಾಶ್ವೇತಾ ಬಂದ್ರು. ಮಗಳು ಕೊರಳಿಗೆ ಬಿದ್ದು ಅತ್ಲು. ಫೋನಿನ ಮಾತು ನಾ ಯಾರಿಗೂ ಎತ್ತಲಿಲ್ಲ. ಸಂಜಿ ಐದರ ಸುಮಾರಿಗೆ ಬಾಗಲಾ ಬಡದ ಸಪ್ಪಳಾತು. ಹೋಗಿ ತಗದೆ. ಕಿತ್ತಪ್ಪ. ಕರೀ ವೇಸ್ಟ್‌ಕೋಟು, ಕೈಯಾಗ ಕರೀ ಟೋಪಿ, ಬಿಸಲಿಗೆ ಮಾರಿ ಕೆಂಡ ಆಗಿತ್ತು.

"ಈಗ ಬಂದ್ಯಾ?" ಅಂತ ಕನ್ನಡದಾಗ ಶುರು ಹಚ್ಚಿದೆ. "ಮುಂಜಾನಿಂದ ಕಾದು ಕುಂತೇನಿ. ಗುಡ್ ಅಂತೀಯಲ್ಲೋ, ನಾಚಿಕಿ ಇಲ್ಲೇನು ನಿನಗ? ಅಣ್ಣ ತಮ್ಮ ಇದ್ದಂಗಿದ್ರಿ..."

ಅವಗೇನು ತಿಳೀಬೇಕು. ಮಾರಿ ಸಣ್ಣದು ಮಾಡಿ ನನ್ನ ಹೆಗಲ ಮ್ಯಾಲಿಂದ ಒಳಗ ಹಣಿಕಿ ಹಾಕಿದ. "ಚನ್ನಾ? ಚನ್ನಾ ಓಕೆ?" ಅಂದ.

ಇವಗ ಗೊತ್ತ ಇಲ್ಲ! ನಾ ಹೇಳೇ ಇಲ್ಲ! ಮುಂಜಾನೆ ಆಡಿದ ಮಾತು ಅವನ ಕಿವಿಗೆ ಹೆಂಗ ಬಿದ್ದಿತ್ತು ಅನ್ನೂದು ಅಲ್ಲೇ ಹೊಸ್ತಿಲದಾಗ ನಿಂತಾಗ ಹೊಳೀತು. ಗೋ ಅಂದ್ರ ಹೊಂಟಾರ. ಮನಿ ಬಿಟ್ಟಾರ. ಹಾದ್ಯಾಗ ಅದಾರ.

ಬಾಗಲಾ ಗಟ್ಟಿ ಹಿಡಕೊಂಡೆ. "ಚನ್ನಬಸಯ್ಯ" ಅಂದೆ. ಆ ಹೆಸರು ನನ್ನ ಬಾಯಿಲೆ ನಾ ಕೇಳಿದ್ದು ಅದ ಮೊದಲು. "ಚನ್ನಬಸಯ್ಯ ಡೆಡ್."

ಆಂವ ಹಂಗ ಕೆಳಗ ಮೆಟ್ಟಲ ಮ್ಯಾಲ ಕುಂತ. ವಿರುಪಾಕ್ಷ ಓಡಿ ಬಂದ, ಮಹಾಶ್ವೇತಾ ನೀರು ತಂದ್ಲು. ಇಂಗ್ಲೀಷಿನ್ಯಾಗ ಎಲ್ಲಾ ಮಾತಾದ್ವು. ಶುಕ್ರವಾರ ಅಂತ ಕೇಳಿದ ಕೂಡ್ಲೆ ಆಂವ ತಲಿ ಎತ್ತಿ ನನ್ನ ನೋಡಿದ. ವಿರುಪಾಕ್ಷನೂ ನನ್ನ ನೋಡಿದ. "ಅವ್ವಾ, ಫೋನಿನ್ಯಾಗ ನೀ ಏನಂದಿ?" ಅಂದ. ಹೇಳಿದೆ.

ಆಮ್ಯಾಲ ಕಿತ್ತಪ್ಪ ಅಂದದ್ದನ್ನ ವಿರುಪಾಕ್ಷ ನನಗ ಒಂದೊಂದ ಬಿಚ್ಚಿ ಹೇಳಿದ. ಹನ್ನೊಂದಕ್ಕ ಬ್ಯಾಂಡ್ ಬಾರಿಸಿ ಮುಗದಿತ್ತು. ಚನ್ನಾ ಹಾದ್ಯಾಗ ಅದಾನ, ಆಂವ ಬರೂತನಕ ಗಾಡಿ ಬಿಡಾಂಗಿಲ್ಲ ಅಂತ ಕಿತ್ತಪ್ಪ ಎಂಜಿನ್ ಮುಂದ ಹಳಿ ಮ್ಯಾಲ ಹೋಗಿ ನಿಂತನಂತ. ಮೊದಮೊದಲು ಎಲ್ಲಾರೂ ಒಪ್ಪಿದ್ರು, ಚನ್ನಾ ಎಲ್ಲಾರಿಗೂ ಬೇಕಾದಾಂವ. ಹನ್ನೆರಡಾತು. ಹುಡುಗರು ಅಳಾಕ ಹತ್ತಿದ್ವು, ವಯಸ್ಸಾದವರೊಬ್ಬರಿಗೆ ಚಕ್ಕರ ಬಂತು. ಹನ್ನೆರಡೂವರಿಗೆ ಇನ್ನ ತಡ್ಯಾಕ ಆಗೂದಿಲ್ಲ ಅಂತ ಗಾಡಿ ಬಿಟ್ರು.

"ಗಾಡಿ ಹೆಂಗ ಹೋತಂತ ಕೇಳು" ಅಂದೆ ವಿರುಪಾಕ್ಷಗ. "ಇವರು ಪ್ಯಾಕ್ ಮಾಡಿದ್ದು ಛಲೋ ಕುಂತಿತ್ತೇನಂತ? ವಾಟಲ್ ಬೆಂಡಿನಾಗ ಇವರಪ್ಪನ ಸ್ಟೇಶನ್ ಹೆಂಗ ಕಾಣಸ್ತಂತ?"

ವಿರುಪಾಕ್ಷ ಕೇಳಿದ. ಕಿತ್ತಪ್ಪ ಟೋಪಿ ತಿರುವಿಕೋತ ಮೆಲ್ಲಕ ಏನೋ ಅಂದ. ಮಗ ನನಗ ಹೇಳಾಕ ಒಲ್ಲೆ ಅಂದ. ನಾ ಜೋರು ಮಾಡಿದೆ.

"ಅವರು ಹತ್ತಲಿಲ್ಲ ಅವ್ವಾ" ಅಂದ. "ಅಪ್ಪ ಬಂದಾಗ ಪ್ಲಾಟ್‌ಫಾರ್ಮಿನ್ಯಾಗ ಯಾರೂ ಇರದಿದ್ರ ಹೆಂಗ ಅಂತ ಅವರೊಬ್ಬರ ಅಲ್ಲೇ ಉಳದ್ರಂತ."

ನಾನು ಅವನ ಬಾಜೂ ಮೆಟ್ಟಲ ಮ್ಯಾಲ ಕುಂತೆ. ಗಂಡನ್ನ ಕಳಕೊಂಡಾಗ ಅತ್ತದ್ದು ಬ್ಯಾರೆ, ಈಗ ಬಂದ ಅಳು ಬ್ಯಾರೆ. ನಮ್ಮವರಿಗೆ ಆ ಗಾಡಿ ತಪ್ಪಿಸಿದಾಂವ ಶಿವ, ಅದು ನನ್ನ ಕೈಯಾಗ ಇದ್ದಿದ್ದಿಲ್ಲ. ಕಿತ್ತಪ್ಪಗ ತಪ್ಪಿಸಿದಾಕಿ ನಾನು. ಒಂದು ಮಾತಿನಿಂದ, ಎರಡು ಸಲ ಫೋನ್ ಎತ್ತದ ಸಿಟ್ಟಿನಿಂದ. ಐವತ್ತು ವರ್ಷ ಕಾದಾಂವ, ಸತ್ತವರ ಹಾದಿ ನೋಡಿಕೋತ ಬಿಸಲಾಗ ನಿಂತ.

"ಮಾಫ್ ಮಾಡಪ್ಪಾ" ಅಂತ ಕೈ ಮುಗದೆ. ವಿರುಪಾಕ್ಷ ಇಂಗ್ಲೀಷಿನ್ಯಾಗ ಅದನ್ನ ಹೇಳಾಕ ಬಾಯಿ ತಗದ. ಕಿತ್ತಪ್ಪ ಅವನ್ನ ತಡದು, ನನ್ನ ಎರಡೂ ಕೈ ಹಿಡಕೊಂಡು ಕೆಳಗ ಇಳಿಸಿದ. ಇಬ್ಬರೂ ಅಲ್ಲೇ ಕುಂತ್ವಿ. ಬುಧವಾರ ನಮ್ಮವರನ್ನ ಮಲಗಿಸೇ ಮಣ್ಣು ಮಾಡಿದ್ರು. ಪೆಟ್ಟಿಗಿಗೆ ಹೆಗಲು ಕೊಟ್ಟವರಾಗ ಕಿತ್ತಪ್ಪನೂ ಒಬ್ಬ. ಎತ್ತುವಾಗ ಅವನ ಬಾಯಾಗ "ಐಸಾ" ಬಂತು, ಯಾರೂ ಜೋಡಿ ಅನ್ನಲಿಲ್ಲ.