ಕುರ್ಚಿ ಸರಿಯಾಗಿದೆ

ಬೇರೆಯವರ ಸುಳ್ಳು ಹಿಡಿಯುವುದೇ ಅವಳ ಹೊಟ್ಟೆಪಾಡು. ವಿಮಾ ಕಂಪನಿಗೆ ಬರುವ ಅರ್ಜಿಗಳನ್ನು ಓದಿ, ಇವನ ಕಾಲು ಮುರಿದದ್ದು ನಿಜವೇ, ಇವಳ ಸ್ಕೂಟರ್ ಕಳುವಾದದ್ದು ಹೌದೇ ಎಂದು ಷರಾ ಬರೆಯಬೇಕು. ಮನೆಯಿಂದಲೇ ಮಾಡಬಹುದು, ಆದರೆ ದೇಶ ಬಿಟ್ಟು ಹೋಗುವಂತಿಲ್ಲ. ಅವಳು ಹೋಗಿ ಏಳು ತಿಂಗಳಾಗಿತ್ತು.

ಲ್ಯಾಪ್‌ಟಾಪ್ ಇದ್ದರೆ ಲೋಕವೇ ಆಫೀಸು ಎಂದು ಎಲ್ಲೋ ಓದಿ ಹೊರಟವಳು. ಹೊರಡುವಾಗ ಒಂದು ಜಾಣತನ ಮಾಡಿದ್ದಳು. ಅಣ್ಣನ ಮನೆಯಲ್ಲಿದ್ದ ತನ್ನ ರೂಮಿನ ಗಿಳಿ ಚಿತ್ತಾರದ ಕಿಟಕಿ ಪರದೆಯನ್ನೇ ಬಿಚ್ಚಿ ಸೂಟ್‌ಕೇಸಿಗೆ ತುರುಕಿದ್ದಳು. ಮೀಟಿಂಗಿನಲ್ಲಿ ಬೆನ್ನ ಹಿಂದೆ ಅವೇ ಗಿಳಿಗಳು ಕಂಡರೆ ಯಾರಿಗೆ ಅನುಮಾನ?

ಲೋಕ ಆಫೀಸಾಯಿತು, ಸುಳ್ಳಲ್ಲ. ಅದರ ಅಳತೆ ಹತ್ತಡಿಗೆ ಎಂಟಡಿ, ಒಂದು ಬಾಡಿಗೆ ಕೋಣೆ. ಕಡಲತೀರಕ್ಕೆ ಒಂದೇ ಒಂದು ದಿನ ಹೋಗಿದ್ದಳು. ಬಿಸಿಲಿಗೆ ಸ್ಕ್ರೀನು ಕಾಣಲಿಲ್ಲ, ಕೀಲಿಗಳ ಸಂದಿಗೆ ಮರಳು ಹೊಕ್ಕಿತು. ಆಮೇಲೆಲ್ಲ ನಮ್ಮೂರಿನ ಗಡಿಯಾರಕ್ಕೆ ಸರಿಯಾಗಿ ನಸುಕಿನಲ್ಲೇ ಎದ್ದು, ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟು, ಸೂಟ್‌ಕೇಸಿನ ಮೇಲೆ ಕುಕ್ಕರುಬಡಿಯುವುದು. ಸೊಂಟ ಬಿದ್ದುಹೋಗಿತ್ತು. ಆದರೂ ಈ ಕೆಲಸ ಇದ್ದರಷ್ಟೇ ಇಲ್ಲಿರಲು ಸಾಧ್ಯ. ಕೆಲಸ ಕಳೆದುಕೊಂಡು ಮರಳಿದರೆ, ಹೋದ ಪುಟ್ಟ ಬಂದ ಪುಟ್ಟ ಎಂದು ಬಂಧುಬಳಗವೆಲ್ಲ ನಗುತ್ತದೆ.

ಒಂದು ಬೆಳಿಗ್ಗೆ ಕಂಪನಿಯ ತಪಾಸಣಾಧಿಕಾರಿ ವಿಡಿಯೊ ಕರೆ ಮಾಡಿದರು.

“ಮನೇಲೇ ಇದೀರಾ ಮೇಡಂ?”

“ಇನ್ನೆಲ್ಲಿರ್ತೀನಿ ಸರ್? ನನ್ನ ರೂಮಲ್ಲೇ.”

“ನಾನೂ ಅಲ್ಲೇ ಇದೀನಲ್ಲ!”

ಅವರು ಫೋನನ್ನು ತಿರುಗಿಸಿದರು. ಅದೇ ರೂಮು. ಕಂಪನಿ ಕೊಟ್ಟ ಚಕ್ರದ ಕುರ್ಚಿಯಲ್ಲಿ ಬೆಕ್ಕು ಮಲಗಿತ್ತು. ಬಾಗಿಲಲ್ಲಿ ಚಹಾದ ಲೋಟ ಹಿಡಿದ ಅತ್ತಿಗೆ, ಬಾಯಿ ಬಿಡಬೇಡವೆಂದು ಕಣ್ಸನ್ನೆ ಮಾಡುತ್ತಿದ್ದರು.

“ಪರದೆ ಒಗೆಯೋಕೆ ಹಾಕಿದೀವಿ ಸರ್, ಇನ್ನೂ ಒಣಗಿಲ್ಲ” ಎಂದರು ಅತ್ತಿಗೆ. ಪರದೆಯ ಮಾತನ್ನು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ!

ಅಧಿಕಾರಿ ಬೋಳು ಕಿಟಕಿ ನೋಡಿದರು, ಫೋನಿನಲ್ಲಿದ್ದ ಗಿಳಿಗಳನ್ನು ನೋಡಿದರು. ಅವಳೂ ಕಿಟಕಿಯನ್ನೇ ನೋಡುತ್ತಿದ್ದಳು. ಆಚೆ ಹಿತ್ತಲಿನ ಮರ ಮೈತುಂಬ ಹೂ ಬಿಟ್ಟಿತ್ತು. ಅಂಥದೊಂದು ಮರವಿತ್ತೆಂಬುದೇ ಅವಳಿಗೆ ಮರೆತಿತ್ತು. ಸುಳ್ಳು ಸಾಕಾಯಿತು.

“ಸರ್, ನಾನು ಅಲ್ಲಿಲ್ಲ. ಬೇರೆ ದೇಶದಲ್ಲಿದೀನಿ. ಕೆಲಸದಿಂದ ಮಾತ್ರ ತೆಗೀಬೇಡಿ.”

ಅಧಿಕಾರಿ ಅತ್ತಿಗೆಯ ಕೈಯಿಂದ ಲೋಟ ತೆಗೆದುಕೊಂಡು ಸಾವಕಾಶವಾಗಿ ಚಹಾ ಹೀರಿದರು.

“ನೋಡಿ ಮೇಡಂ, ನಾನು ಬಂದಿರೋದು ಕಂಪನಿ ಕುರ್ಚಿ ತಪಾಸಣೆಗೆ. ನಂದು ಕುರ್ಚಿ ಫಾರಂ. ಎತ್ತರ, ಬೆನ್ನಿಗೆ ಆಸರೆ, ಚಕ್ರ. ಕೂತಿರೋರು ಯಾರು ಅನ್ನೋ ಕಾಲಂ ಇಲ್ಲ.”

ಬೆಕ್ಕನ್ನು ಮೆಲ್ಲಗೆ ಕೆಳಗಿಳಿಸಿ, ಕುರ್ಚಿಯನ್ನು ಹಿಂದೆ ಮುಂದೆ ಉರುಳಿಸಿ, ಮೂರು ಕಡೆ ಗುರುತು ಹಾಕಿದರು.

“ಈ ವಾರ ಇದು ಹನ್ನೊಂದನೇ ಮನೆ. ಕುರ್ಚಿ ಎಲ್ಲಾ ಕಡೆ ಸಿಕ್ತು. ಮನುಷ್ಯರು ಸಿಕ್ಕಿದ್ದು ನಾಲ್ಕೇ ಕಡೆ” ಎಂದು ಫೋನಿಟ್ಟರು.

ಗಂಟೆಯೊಳಗೆ ಕಂಪನಿಯಿಂದ ಮೇಲ್ ಬಂತು: ‘ತಮ್ಮ ಆಸನ ಬೆನ್ನಿನ ಆರೋಗ್ಯಕ್ಕೆ ಅತ್ಯುತ್ತಮವಾಗಿದೆ. ಅಭಿನಂದನೆಗಳು.’ ಹಿಂದೆಯೇ ಅತ್ತಿಗೆಯ ಫೋಟೊ. ಬೆಕ್ಕು ಮತ್ತೆ ಕುರ್ಚಿ ಏರಿ, ಆಸರೆಗೆ ಒರಗಿ ಮಲಗಿತ್ತು. ಅವಳಿಗೆ ಕೆಲಸ ಉಳಿದ ಸಂತೋಷಕ್ಕಿಂತ ಬೆಕ್ಕಿನ ಮೇಲೆ ಹೊಟ್ಟೆಕಿಚ್ಚೇ ಹೆಚ್ಚಾಯಿತು.

ಸೊಂಟ ಹಿಡಿದುಕೊಂಡು ಸೂಟ್‌ಕೇಸಿನ ಮೇಲೆ ಕೂತು ಮುಂದಿನ ಅರ್ಜಿ ತೆರೆದಳು. ಯಾರೋ ಗುಮಾಸ್ತ, ಕೂತು ಕೂತು ಬೆನ್ನುನೋವು ಎಂದು ಬರೆದಿದ್ದ. ಇಂಥವರನ್ನು ಅವಳು ಯಾವತ್ತೂ ನಂಬಿದವಳಲ್ಲ. ಇವತ್ತು ಪೂರ್ತಿ ಓದಲೂ ಇಲ್ಲ, ‘ನಿಜ’ ಎಂದು ಷರಾ ಬರೆದಳು.