ಕನ್ನಡಿಯಲ್ಲಿ ಕಂಡ ನಗು

ತಲೆಗೆ ಬಣ್ಣ ಹಚ್ಚಿಸಿಕೊಳ್ಳಲು ವಾರಗಿತ್ತಿ ಬಂದು ಕುರ್ಚಿಯಲ್ಲಿ ಕೂತಾಗ ಪಾರ್ಲರಿನವಳಿಗೆ ತಪ್ಪಿಸಿಕೊಳ್ಳಲು ದಾರಿ ಉಳಿಯಲಿಲ್ಲ. ಶೇರುಪೇಟೆ ಕುಸಿಯತೊಡಗಿದಾಗಿನಿಂದ ಅವಳ ಕಣ್ಣಿಗೆ ಬೀಳದಂತೆ ಓಡಾಡುತ್ತಿದ್ದಳು.

"ಅಕ್ಕಾ, ಆ ಸಿಮೆಂಟ್ ಶೇರು ನೆಲ ಕಚ್ತಾ ಇದೆ. ಇವರಂತೂ ಮುಖ ಗಂಟು ಹಾಕ್ಕೊಂಡು ಕೂತಿದಾರೆ. ಮಾರಿಬಿಡ್ಲಾ?"

"ಸ್ವಲ್ಪ ತಡಿಯೇ. ಏರತ್ತೆ."

"ನಾನೂ ನಿಮ್ಮ ಮೈದುನಂಗೆ ಅದನ್ನೇ ಅಂದೆ. ಅಕ್ಕ ಹೇಳಿದ್ಮೇಲೆ ಮುಗೀತು, ನಿಮ್ಮ ಟಿವಿಯವರು ಬಾಯಿ ಮುಚ್ಕೊಂಡಿರ್ಲಿ ಅಂತ."

ಬ್ರಷ್ಷು ಬೈತಲೆಯ ಮೇಲೆ ನಿಂತಿತು. ಆ ಶೇರು ಕೊಳ್ಳೆಂದು ವಾರಗಿತ್ತಿಗೆ ಹೇಳಿದವಳೇ ಇವಳು. ಮನೆಯಲ್ಲಿ ಇವಳು ಶೇರು ಬಲ್ಲವಳೆಂದು ಹೆಸರು. ಆ ಹೆಸರಿನ ಮೇಲೆ ಎಲ್ಲಿಲ್ಲದ ಹೆಮ್ಮೆ. ಬೀಳುವ ಸೂಚನೆ ಕಂಡದ್ದೇ ತನ್ನ ಪಾಲಿನದನ್ನು ಸದ್ದಿಲ್ಲದೆ ಮಾರಿದಳು. ಅಷ್ಟಕ್ಕೇ ನಿಲ್ಲದೆ, ಕೈಯಲ್ಲಿಲ್ಲದ ಶೇರನ್ನೂ ದಿನಾ ಬೆಳಿಗ್ಗೆ ಮುಂಗಡವಾಗಿ ಮಾರಿ, ಇನ್ನಷ್ಟು ಬಿದ್ದ ಮೇಲೆ ಸಂಜೆಯೊಳಗೆ ಅಗ್ಗಕ್ಕೆ ಕೊಂಡು ಲೆಕ್ಕ ಮುಗಿಸತೊಡಗಿದಳು. ಬಿದ್ದಷ್ಟೂ ಇವಳಿಗೆ ಲಾಭ. ನೀನೂ ಮಾರು ಎಂದು ವಾರಗಿತ್ತಿಗೆ ಒಂದು ಮಾತು ಹೇಳಬಹುದಿತ್ತು. ಹೇಳಿದರೆ ತನ್ನ ಸಲಹೆ ತಪ್ಪೆಂದು ಒಪ್ಪಬೇಕಲ್ಲ!

ಬಣ್ಣ ಹಚ್ಚಿ ಮುಗಿಸಿ, ಬ್ರಷ್ಷು ತೊಳೆದಿಟ್ಟು ಪ್ಲಾಸ್ಟಿಕ್ ಟೋಪಿ ಹಾಕುವಷ್ಟರಲ್ಲಿ ಕಿಸೆಯಲ್ಲಿ ಫೋನು ನಡುಗಿತು. ಕುರ್ಚಿಯ ಹಿಂದೆ ನಿಂತೇ ನೋಡಿದಳು. ಸಿಮೆಂಟ್ ಇನ್ನೂ ಜಾರಿತ್ತು.

"ಏನಕ್ಕಾ, ಏರ್ತಾ?"

ತಲೆಯೆತ್ತಿದಳು. ಕನ್ನಡಿಯಲ್ಲಿ ವಾರಗಿತ್ತಿಯ ಮುಖ ಅರಳಿತ್ತು. ಅದರ ಮೇಲ್ಗಡೆ ತನ್ನದೇ ಮುಖ, ನಗು ಇನ್ನೂ ಮಾಸಿರಲಿಲ್ಲ.

"ನಿಮ್ಮ ನಗು ನೋಡೇ ಗೊತ್ತಾಯ್ತು ಬಿಡಿ. ಅಬ್ಬಾ, ಹೋದ ಜೀವ ಬಂತು!"

ಹೂಂ ಎಂದುಬಿಟ್ಟರೆ ಇವತ್ತಿನ ಮಟ್ಟಿಗೆ ಪಾರಾಗಬಹುದಿತ್ತು. ಆ ಅರಳಿದ ಮುಖ ಬಿಡಲಿಲ್ಲ.

"ಇಲ್ಲ ಕಣೆ. ಬಿತ್ತು."

"ಮತ್ತೆ... ನಕ್ರಲ್ಲ?"

"ಬಿದ್ರೆ ನಂಗೆ ದುಡ್ಡು ಬರತ್ತೆ. ನಂದು ಆಗ್ಲೇ ಮಾರಿ ಆಗಿದೆ. ನೀನೂ ಮಾರ್ಬಿಡು, ಈಗ್ಲೇ."

ವಾರಗಿತ್ತಿ ಫೋನು ತೆಗೆದು, ಕೂತಲ್ಲೇ ಮಾರಿದಳು. ಆಮೇಲೆ ಎದ್ದು ಹೋಗುವಂತಿರಲಿಲ್ಲ; ತಲೆ ತುಂಬ ಹಸಿ ಬಣ್ಣ.

"ಇನ್ನೆಷ್ಟು ಹೊತ್ತು ಕೂರ್ಬೇಕು?" ಎಂದಳು. ಅಕ್ಕಾ ಎನ್ನಲಿಲ್ಲ.

"ಬಣ್ಣ ಹಿಡಿಯೋವರೆಗೆ."

ಪಾರ್ಲರಿನವಳು ಅಂಗಡಿಯ ನಾಲ್ಕು ಗೋಡೆಗೂ ಆಸೆಪಟ್ಟು ಕನ್ನಡಿ ಹಾಕಿಸಿದ್ದಳು. ಈಗ ಕಣ್ಣಿಡಲು ಜಾಗ ಸಿಗದೆ ನಲ್ಲಿಯ ಹತ್ತಿರ ಹೋಗಿ, ತೊಳೆದಿದ್ದ ಬ್ರಷ್ಷನ್ನೇ ಮತ್ತೆ ತೊಳೆಯತೊಡಗಿದಳು.